ಹಳೆ ಬೈಕ್ ಕೊಳ್ಳುವ ಮುನ್ನ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ

ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೋದವರು ಸಾಮಾನ್ಯವಾಗಿ ಬಣ್ಣ ನೋಡುತ್ತಾರೆ, ಮೀಟರ್ ನೋಡುತ್ತಾರೆ, ಆಗಲೇ ಸ್ಟಾರ್ಟ್ ಮಾಡಿ ಇಟ್ಟ ಗಾಡಿ ಹತ್ತಿ ಒಂದು ಸುತ್ತು ಹೊಡೆಯುತ್ತಾರೆ, ಪಿಕಪ್ ಚೆನ್ನಾಗಿದೆ ಎನ್ನುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ, ಇಲ್ಲವೇ ಎರಡನೇ ಗೇರ್ ತಾನಾಗಿ ಕಳಚಿಕೊಳ್ಳುವುದು. ಇವರಲ್ಲಿ ಬಹಳ ಮಂದಿ ಸಾಕಷ್ಟು ಪರೀಕ್ಷೆ ಮಾಡಿಯೇ ಕೊಂಡಿರುತ್ತಾರೆ. ಎಡವಿದ್ದು ಕ್ರಮದಲ್ಲಿ. ಬಿಸಿಯಾದ ಎಂಜಿನ್ ಅರ್ಧ ದೋಷಗಳನ್ನು ಮುಚ್ಚಿಡುತ್ತದೆ, ಓಡಿಸಿ ಖುಷಿಯಾದ ಮೇಲೆ ನೋಡುವವರ ಕಣ್ಣು ಉಳಿದರ್ಧವನ್ನು ಮುಚ್ಚಿಡುತ್ತದೆ.

ಆದ್ದರಿಂದ ಮೊದಲು ತಣ್ಣಗೆ ನಿಂತ ಗಾಡಿ, ಆಮೇಲೆ ತಣ್ಣನೆಯ ಸ್ಟಾರ್ಟ್, ಆಮೇಲೆ ಓಡಾಟ, ಕೊನೆಗೆ ಬಿಸಿ ಗಾಡಿ ಇನ್ನೊಮ್ಮೆ. ಎಲ್ಲ ಸೇರಿ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ.

## ಹೊರಡುವ ಮುನ್ನ ಕೈಲಿರಬೇಕಾದದ್ದು

ಸಣ್ಣ ಟಾರ್ಚ್, ಡಿಜಿಟಲ್ ಮಲ್ಟಿಮೀಟರ್, ಸ್ಪಾರ್ಕ್ ಪ್ಲಗ್ ಸ್ಪ್ಯಾನರ್, ಬಿಳಿ ಬಟ್ಟೆ ಅಥವಾ ಟಿಶ್ಯೂ, ಮಿಲಿಮೀಟರ್ ಗುರುತಿನ ಸ್ಕೇಲ್, ಸುಮಾರು ನಾಲ್ಕು ಮೀಟರ್ ದಾರ, ಒಂದು ರಟ್ಟಿನ ತುಂಡು, ಕೈಗವಸು, ಹೆಲ್ಮೆಟ್. ಸಾಧ್ಯವಾದರೆ ಆ ಮಾಡೆಲ್‌ನ ಸರ್ವಿಸ್ ಕೈಪಿಡಿಯಿಂದ ಚೈನ್ ಸಡಿಲ, ಟೈರ್ ಅಳತೆ, ಐಡ್ಲಿಂಗ್ ವೇಗ, ಕಂಪ್ರೆಷನ್ ಅಂಕಿಗಳನ್ನು ಬರೆದುಕೊಂಡು ಹೋಗಿ. ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು. ಚಕ್ರ ಎತ್ತಿ ನೋಡುವಾಗ ಬಾಲದ ಕಡೆ ಒತ್ತಿ ಹಿಡಿಯಲು ಇನ್ನೆರಡು ಕೈ ಬೇಕೇ ಬೇಕು.

ಹಗಲಲ್ಲೇ ಹೋಗಿ. ಮಳೆಯಲ್ಲಿ ನೆನೆದ ಅಥವಾ ಆಗ ತಾನೇ ತೊಳೆದ ಗಾಡಿಯಲ್ಲಿ ಆಯಿಲ್ ಜಿನುಗು, ಗೀಚು, ಬಣ್ಣದ ವ್ಯತ್ಯಾಸ ಯಾವುದೂ ಕಾಣುವುದಿಲ್ಲ.

## ಹಂತ 1: ಎಂಜಿನ್ ನಿಜಕ್ಕೂ ತಣ್ಣಗಿದೆಯೇ?

ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಮಾತಿಗೆ ಮೊದಲು ಎಂಜಿನ್ ಪಕ್ಕಕ್ಕೆ ಅಂಗೈ ಹತ್ತಿರ ಒಯ್ಯಿರಿ, ಬಿಸಿ ಹೊಡೆಯದಿದ್ದರೆ ಮುಟ್ಟಿ. ಬೆಚ್ಚಗಿದ್ದರೆ ಯಾರೋ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ಕಾರಣ ಮುಗ್ಧವಾಗಿಯೂ ಇರಬಹುದು, ಮನೆ ಹಿಂದಿನಿಂದ ಹೊರಗೆ ತಂದಿರಬಹುದು. ಆದರೆ ತಣ್ಣನೆ ಸ್ಟಾರ್ಟ್ ಆಗದ ಗಾಡಿ, ಮೊದಲ ನಿಮಿಷ ಹೊಗೆ ಬಿಡುವ ಗಾಡಿ, ಟೈಮಿಂಗ್ ಚೈನ್ (ಎಂಜಿನ್ ಒಳಗಿನ ಚೈನ್) ಗಲಗುಟ್ಟುವ ಗಾಡಿ ಮಾರುವವರೂ ಇದನ್ನೇ ಮಾಡುತ್ತಾರೆ. ಮೂರು ನಾಲ್ಕು ಗಂಟೆ ಬಿಟ್ಟು ಬನ್ನಿ, ಇಲ್ಲವೇ ಇನ್ನೊಂದು ದಿನ ಬನ್ನಿ. ಈ ಒಂದು ವಿಷಯದಲ್ಲಿ ರಾಜಿ ಬೇಡ.

## ಹಂತ 2: ಫ್ರೇಮ್ ಮತ್ತು ಬಿದ್ದ ಗುರುತುಗಳು

ಎಂಜಿನ್ ಎಷ್ಟೇ ಕೆಟ್ಟರೂ ಬಿಚ್ಚಿ ಸರಿ ಮಾಡಬಹುದು. ಬಾಗಿದ ಫ್ರೇಮ್ ಗಾಡಿಯನ್ನೇ ಮುಗಿಸಿಬಿಡುತ್ತದೆ, ಹಾಗಾಗಿ ಇದೇ ಮೊದಲು.

1. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಕಾಗದಪತ್ರದೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಅಂಕಿಗಳ ಆಳ ಒಂದೇ ಸಮ ಇಲ್ಲದಿದ್ದರೆ, ಸುತ್ತ ಉಜ್ಜಿದ ಗುರುತಿದ್ದರೆ ಅಲ್ಲಿಗೇ ನಿಲ್ಲಿಸಿ.

2. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆತನಕ ತಿರುಗಿಸಿ. ಫ್ರೇಮಿನ ಕುತ್ತಿಗೆಯಲ್ಲಿ ಹ್ಯಾಂಡಲನ್ನು ತಡೆದು ನಿಲ್ಲಿಸುವ ಸಣ್ಣ ಗುಬಟುಗಳಿರುತ್ತವೆ. ಅವು ಚಪ್ಪಟೆಯಾಗಿದ್ದರೆ, ಮುರಿದಿದ್ದರೆ, ಬಣ್ಣ ಸಿಡಿದಿದ್ದರೆ ಗಾಡಿ ಜೋರಾಗಿ ಬಿದ್ದಿದೆ. ಮಡ್‌ಗಾರ್ಡ್, ಟ್ಯಾಂಕ್ ಹೊಸದು ಹಾಕಿಸುವವರು ಈ ಜಾಗ ಮರೆಯುತ್ತಾರೆ.

3. ಕುತ್ತಿಗೆಯ ವೆಲ್ಡಿಂಗ್ ಸುತ್ತ ಟಾರ್ಚ್ ಹಾಕಿ. ಕೂದಲೆಳೆಯಂಥ ಬಿರುಕು, ಸುಕ್ಕುಗಟ್ಟಿದ ಬಣ್ಣ, ಉಳಿದದ್ದಕ್ಕೆ ಹೊಂದದ ಹೊಸ ವೆಲ್ಡಿಂಗ್ ಇದ್ದರೆ ಫ್ರೇಮ್ ಬಾಗಿದೆ ಅಥವಾ ಬಾಗಿದ್ದನ್ನು ಎಳೆದು ನೆಟ್ಟಗೆ ಮಾಡಿದ್ದಾರೆ.

4. ಕ್ಲಚ್ ಮತ್ತು ಬ್ರೇಕ್ ಲಿವರ್ ತುದಿ, ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ತುದಿ, ಎಂಜಿನ್ ಕವರಿನ ಹೊರಮೈ, ಸೈಲೆನ್ಸರ್ ಹೊರಮೈ. ಇವಿಷ್ಟೂ ಒಂದೇ ಪಕ್ಕದಲ್ಲಿ ಗೀಚಿದ್ದರೆ ಆ ಪಕ್ಕಕ್ಕೆ ಜಾರಿ ಬಿದ್ದಿದೆ. ನಿಂತಲ್ಲೇ ಬಿದ್ದ ಗಾಡಿಗೆ ಚುಕ್ಕೆಯಂಥ ಗುರುತು ಬೀಳುತ್ತದೆ, ರಸ್ತೆಯ ಮೇಲೆ ಉಜ್ಜಿಕೊಂಡು ಹೋದದ್ದಕ್ಕೆ ಉದ್ದನೆಯ ಗೀರು.

5. ದಾರದ ಪರೀಕ್ಷೆ: ಹಿಂಚಕ್ರದ ಹಿಂಭಾಗಕ್ಕೆ ದಾರದ ನಡು ತಾಗಿಸಿ, ಎರಡೂ ತುದಿಗಳನ್ನು ಟೈರಿನ ಎರಡು ಪಕ್ಕ ಉಜ್ಜಿಕೊಳ್ಳುವಂತೆ ನೆಲದಿಂದ ಒಂದು ಗೇಣು ಎತ್ತರದಲ್ಲಿ ಮುಂದಕ್ಕೆ ಎಳೆಯಿರಿ. ಹ್ಯಾಂಡಲ್ ನೇರವಿದ್ದಾಗ ಮುಂಚಕ್ರದ ಎರಡೂ ಪಕ್ಕ ದಾರಕ್ಕೂ ಟೈರಿಗೂ ನಡುವಿನ ಅಂತರ ಹೆಚ್ಚುಕಡಿಮೆ ಸಮ ಇರಬೇಕು. ಸಮ ಇಲ್ಲದಿದ್ದರೆ ಮೊದಲು ಚೈನ್ ಅಡ್ಜಸ್ಟರ್ ಗುರುತುಗಳು ಎರಡೂ ಪಕ್ಕ ಒಂದೇ ಸಂಖ್ಯೆಯಲ್ಲಿವೆಯೇ ನೋಡಿ. ಅವು ಸರಿಯಿದ್ದೂ ಸಾಲು ತಪ್ಪಿದ್ದರೆ ಫೋರ್ಕ್ (ಮುಂಚಕ್ರ ಹಿಡಿದ ಜೋಡಿ ಕೊಳವೆ), ಸ್ವಿಂಗ್ ಆರ್ಮ್ (ಹಿಂಚಕ್ರ ಹಿಡಿದ ತೋಳು) ಅಥವಾ ಫ್ರೇಮ್ ಮೇಲೆ ಅನುಮಾನ.

## ಹಂತ 3: ಫೋರ್ಕ್, ಕೋನ್ ಸೆಟ್, ಚಕ್ರ, ಟೈರ್

ಫೋರ್ಕಿನ ಹೊಳೆಯುವ ರಾಡ್ ಮೇಲೆ ಉಗುರು ಆಡಿಸಿ. ಉಗುರಿಗೆ ತಡೆಯುವ ತುಕ್ಕಿನ ಗುಳಿಗಳಿದ್ದರೆ ಹೊಸ ಆಯಿಲ್ ಸೀಲ್ ಹಾಕಿದರೂ ಅದು ಬೇಗನೆ ಹರಿಯುತ್ತದೆ. ಹಾಗಾಗಿ ಸೀಲಿನ ಖರ್ಚಿಗೆ ರಾಡಿನ ಖರ್ಚೂ ಸೇರಿಸಿ ಲೆಕ್ಕ ಹಾಕಬೇಕು. ಮುಂದಿನ ಬ್ರೇಕ್ ಹಿಡಿದು ಐದಾರು ಸಲ ಹ್ಯಾಂಡಲ್ ಒತ್ತಿ ಬಿಡಿ, ಬಿಳಿ ಬಟ್ಟೆಯಲ್ಲಿ ರಾಡ್ ಒರೆಸಿ. ಬಟ್ಟೆಗೆ ಆಯಿಲ್ ಬಂದರೆ ಸೀಲ್ ಹೋಗಿದೆ. ಒತ್ತಿದ ಫೋರ್ಕ್ ಒಮ್ಮೆಗೆ ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಒಳಗಿನ ಆಯಿಲ್ ಕಡಿಮೆಯಿದೆ ಅಥವಾ ಹಳತಾಗಿ ನೀರಾಗಿದೆ.

ಈಗ ಡಬಲ್ ಸ್ಟ್ಯಾಂಡ್ ಹಾಕಿ, ಜೊತೆಗಿದ್ದವರಿಂದ ಹಿಂದೆ ಒತ್ತಿಸಿ ಮುಂಚಕ್ರ ಎತ್ತಿ. ಹ್ಯಾಂಡಲನ್ನು ಬೆರಳ ತುದಿಯಲ್ಲಿ ನಿಧಾನ ತಿರುಗಿಸಿ. ನಡುವಿನಲ್ಲಿ ಟಕ್ ಎಂದು ಕಚ್ಚಿ ನಿಂತರೆ ಕೋನ್ ಸೆಟ್ಟಿನಲ್ಲಿ (ಹ್ಯಾಂಡಲ್ ತಿರುಗುವ ಕುತ್ತಿಗೆಯ ಬೇರಿಂಗ್) ಗುಂಡುಗಳು ಗುಳಿ ಮಾಡಿವೆ, ಅದು ಬಿಗಿ ಮಾಡಿದರೆ ಸರಿಹೋಗುವುದಿಲ್ಲ, ಬದಲಾಯಿಸಬೇಕು. ಆಮೇಲೆ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿ. ಕುತ್ತಿಗೆಯಲ್ಲಿ ಪ್ಲೇ ಇದ್ದರೆ ಕೋನ್ ಸೆಟ್ ಸಡಿಲ.

ಚಕ್ರವನ್ನು ಮೇಲೊಂದು ಕೆಳಗೊಂದು ಕೈ ಇಟ್ಟು ಪಕ್ಕಕ್ಕೆ ಅಲುಗಿಸಿ ನೋಡಿ. ಅಲುಗಾಡಿದರೆ ಚಕ್ರದ ಬೇರಿಂಗ್ ಹೋಗಿದೆ. ಹಿಂಚಕ್ರದಲ್ಲೂ ಇದನ್ನೇ ಮಾಡಿ, ಆದರೆ ಅಲ್ಲಿ ಸ್ವಿಂಗ್ ಆರ್ಮ್ ಕೂಡ ಸೇರಿ ಅಲುಗಾಡುತ್ತಿದೆಯೇ ಎಂದು ಗಮನಿಸಿ. ಹಾಗಿದ್ದರೆ ಬುಷ್ ಸವೆದಿದೆ. ಚಕ್ರ ತಿರುಗಿಸಿ ಫೋರ್ಕಿನ ಪಕ್ಕ ಒಂದು ಬೆರಳನ್ನು ರಿಮ್ಮಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಬಹಳಷ್ಟು ಗಾಡಿಗಳಲ್ಲಿ 2 ಮಿ.ಮೀ.ವರೆಗಿನ ಓಲಾಟವನ್ನೇ ಮಿತಿ ಎಂದು ಹೇಳಿರುತ್ತಾರೆ. ಕಡ್ಡಿ ಚಕ್ರವಾದರೆ ಪ್ರತಿ ಕಡ್ಡಿಯನ್ನೂ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಟಿಣ್ ಅನ್ನದೆ ಥಪ್ ಅಂದದ್ದು ಸಡಿಲ. ಅಲಾಯ್ ಚಕ್ರದಲ್ಲಿ ಅಂಚಿನ ತಗ್ಗು ಮತ್ತು ಕಡ್ಡಿ ಬುಡದ ಬಿರುಕು ನೋಡಿ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರಿನಲ್ಲಿ ಗುಬಟು (ಟ್ರೆಡ್) ಎಷ್ಟೇ ಉಳಿದಿರಲಿ, ಪಕ್ಕದ ಗೋಡೆಯನ್ನು ಹೆಬ್ಬೆರಳಿನಿಂದ ಅಗಲಿಸಿ ಬಿರುಕು ಹುಡುಕಿ. ಒಂದು ಪಕ್ಕ ಮಾತ್ರ ಸವೆದಿದ್ದರೆ ದಾರದ ಪರೀಕ್ಷೆಗೆ ಮತ್ತೊಮ್ಮೆ ಹೋಗಿ.

## ಹಂತ 4: ಚೈನ್ ಮತ್ತು ಬ್ರೇಕ್

ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಕಾಣಿಸಿದರೆ ಚೈನ್ ಎಳೆದು ಉದ್ದವಾಗಿದೆ. ಹಲ್ಲುಗಳು ಅಲೆಯಂತೆ ಒಂದೇ ಕಡೆ ಬಾಗಿ ಚೂಪಾಗಿದ್ದರೆ ಪೂರ್ತಿ ಚೈನ್ ಸೆಟ್ ಬದಲಾಯಿಸಬೇಕು. ಹಳೆ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಮಾತ್ರ ಹಾಕಿದರೆ ಅದೂ ಬೇಗ ಹಾಳಾಗುತ್ತದೆ. ಹಿಂಚಕ್ರ ತಿರುಗಿಸುತ್ತಾ ನಾಲ್ಕು ಜಾಗದಲ್ಲಿ ಸಡಿಲ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಇದ್ದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ. ಎಂಜಿನ್ ಆಫ್ ಇದ್ದಾಗ ಮಾತ್ರ ಇದನ್ನು ಮಾಡಿ. ಓಡುವ ಚೈನ್ ಬೆರಳು ಕತ್ತರಿಸುತ್ತದೆ.

ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತದೆ. ಅಂಚಿನಲ್ಲಿ ಉಗುರಿಗೆ ಸಿಗುವ ಏಣು ಬಂದಿದ್ದರೆ ಸಾಕಷ್ಟು ಸವೆದಿದೆ. ಪ್ಯಾಡ್ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಕೂಡಲೇ ಬದಲಾವಣೆ. ಬ್ರೇಕ್ ಆಯಿಲ್ ತಿಳಿ ಹಳದಿ ಬಿಟ್ಟು ಕಂದು ಬಣ್ಣಕ್ಕೆ ತಿರುಗಿದ್ದರೆ ವರ್ಷಗಳಿಂದ ಯಾರೂ ಬದಲಾಯಿಸಿಲ್ಲ. ಲಿವರ್ ಒತ್ತಿ ಅರ್ಧ ನಿಮಿಷ ಹಿಡಿದಾಗ ನಿಧಾನವಾಗಿ ಹ್ಯಾಂಡಲ್ ಕಡೆ ಇಳಿದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಡ್ರಮ್ ಬ್ರೇಕಿನಲ್ಲಿ ತೋಳಿನ ಪಕ್ಕ ಸವೆತದ ಬಾಣದ ಗುರುತು ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಗುರುತು ದಾಟಿದರೆ ಲೈನರ್ ಮುಗಿದಿದೆ.

## ಹಂತ 5: ಸ್ಟಾರ್ಟ್ ಮಾಡುವ ಮುಂಚಿನ ಎಂಜಿನ್

ಟಾರ್ಚ್ ಹಿಡಿದು ಟ್ಯಾಪೆಟ್ ಕವರ್ (ಎಂಜಿನ್ ತಲೆಯಲ್ಲಿ ವಾಲ್ವ್ ಒತ್ತುವ ಭಾಗದ ಮುಚ್ಚಳ), ಹೆಡ್ ಮತ್ತು ಬ್ಲಾಕ್ ಸೇರುವ ಗೆರೆ, ಮ್ಯಾಗ್ನೆಟ್ ಕವರ್, ಮುಂದಿನ ಸ್ಪ್ರಾಕೆಟ್ ಹಿಂಬದಿ, ತಳದ ಡ್ರೈನ್ ನಟ್, ಇಷ್ಟನ್ನೂ ನೋಡಿ. ಧೂಳು ಹಿಡಿದ ಹಳೆ ಜಿನುಗಿಗಿಂತ ಬರೀ ಎಂಜಿನ್ ಮಾತ್ರ ತೊಳೆದು ಥಳಥಳ ಮಾಡಿದ ಗಾಡಿ ಹೆಚ್ಚು ಅನುಮಾನಕ್ಕೆ ಯೋಗ್ಯ. ಕವರುಗಳ ಸಂದಿಯಲ್ಲಿ ಗ್ಯಾಸ್ಕೆಟ್ ಪೇಸ್ಟ್ ಉಕ್ಕಿ ಬಂದಿದ್ದರೆ, ಬೋಲ್ಟಿನ ತಲೆಗಳ ಮೂಲೆ ಸವೆದು ದುಂಡಗಾಗಿದ್ದರೆ ಎಂಜಿನ್ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪಲ್ಲ. ಯಾಕೆ ಬಿಚ್ಚಿದರು, ಏನು ಹಾಕಿದರು, ಬಿಲ್ ಇದೆಯೇ ಎಂದು ಕೇಳಿ.

ಆಯಿಲ್ ಗೇಜ್ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಕಪ್ಪಾಗಿದ್ದರೆ ಸರ್ವಿಸ್ ತಡವಾಗಿದೆ ಅಷ್ಟೇ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ: ಕೂಲಂಟ್ ಇರುವ ಎಂಜಿನ್ ಆದರೆ ಹೆಡ್ ಗ್ಯಾಸ್ಕೆಟ್ ಅಥವಾ ವಾಟರ್ ಪಂಪ್ ಸೀಲ್, ಗಾಳಿಯಿಂದ ತಣ್ಣಗಾಗುವ ಎಂಜಿನ್ ಆದರೆ ಪ್ರವಾಹದಲ್ಲಿ ಮುಳುಗಿದ್ದು ಅಥವಾ ಬರೀ ತುಸು ದೂರ ಓಡಿಸಿ ನಿಲ್ಲಿಸಿದ್ದರಿಂದ ಕೂಡಿದ ತೇವ. ಪೆಟ್ರೋಲ್ ವಾಸನೆ ಬಂದರೆ ಕಾರ್ಬುರೇಟರ್ ತುಂಬಿ ಹರಿದು ಕೆಳಗಿಳಿದಿದೆ. ಬೆರಳುಗಳ ನಡುವೆ ಉಜ್ಜಿದಾಗ ಬಿಸಿಲಲ್ಲಿ ಮಿನುಗುವ ಕಣ ಕಂಡರೆ ಒಳಗಿನ ಲೋಹ ಸವೆಯುತ್ತಿದೆ. ರೇಡಿಯೇಟರ್ ಮುಚ್ಚಳ ತೆರೆದು ನೋಡುವುದಾದರೆ ಈಗಲೇ, ಬಿಸಿಯಾದ ಮೇಲೆ ತೆರೆದರೆ ಮುಖ ಸುಡುತ್ತದೆ.

ಏರ್ ಫಿಲ್ಟರ್ ಬಿಚ್ಚಿ. ಧೂಳಿದ್ದರೆ ಚಿಂತೆಯಿಲ್ಲ. ಒಣ ಪೇಪರ್ ಫಿಲ್ಟರ್ ಎಂಜಿನ್ ಆಯಿಲಿನಿಂದ ತೊಯ್ದಿದ್ದರೆ, ಒಂದೋ ಆಯಿಲ್ ಹೆಚ್ಚು ತುಂಬಿದ್ದಾರೆ, ಇಲ್ಲವೇ ಪಿಸ್ಟನ್ ರಿಂಗ್ ದಾಟಿ ಬಂದ ಒತ್ತಡ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಆಯಿಲನ್ನು ಮೇಲೆ ತಳ್ಳುತ್ತಿದೆ. ಸ್ಪಾರ್ಕ್ ಪ್ಲಗ್ ತೆಗೆಯಲು ಬಿಟ್ಟರೆ ಅದೂ ಇದನ್ನೇ ಹೇಳುತ್ತದೆ: ತುದಿ ತಿಳಿ ಕಂದು ಇದ್ದರೆ ಸರಿ, ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಮೆತ್ತಿದ ಕಪ್ಪು ಇದ್ದರೆ ಆಯಿಲ್ ಉರಿಯುತ್ತಿದೆ, ಸುಟ್ಟ ಬಿಳುಪು ಇದ್ದರೆ ಮಿಶ್ರಣ ತೆಳು ಅಥವಾ ಎಂಜಿನ್ ಅತಿ ಬಿಸಿ.

ಕಿಕ್ ಇರುವ ಗಾಡಿಯಲ್ಲಿ ಕಂಪ್ರೆಷನ್ ಅಂದಾಜು ಸುಲಭ. ಪ್ಲಗ್ ಮತ್ತೆ ಹಾಕಿ, ಕೀ ಆಫ್ ಮಾಡಿ ಕಿಕ್ಕನ್ನು ಕಾಲಿನಿಂದ ನಿಧಾನ ಒತ್ತಿ. ಒಂದು ಜಾಗದಲ್ಲಿ ಗಟ್ಟಿಯಾಗಿ ನಿಂತು, ಭಾರ ಬಿಟ್ಟರೂ ಸ್ವಲ್ಪ ಹೊತ್ತು ತಡೆದು ಆಮೇಲೆ ಇಳಿಯಬೇಕು. ಎಲ್ಲೂ ತಡೆಯದೆ ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ರಿಂಗ್ ಅಥವಾ ವಾಲ್ವ್ ಸೋರುತ್ತಿದೆ. ಆದರೆ ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್ ಮೇಲೆ ಡೀಕಂಪ್ರೆಸರ್ (ಸ್ಟಾರ್ಟ್ ಮಾಡುವಾಗ ಕಂಪ್ರೆಷನ್ ತಗ್ಗಿಸುವ ಸಾಧನ) ಇರುತ್ತದೆ, ಅವುಗಳಲ್ಲಿ ಕಿಕ್ ಹಗುರವಾಗಿಯೇ ಇರುತ್ತದೆ. ಕಂಪ್ರೆಷನ್ ಗೇಜ್ ಇದ್ದವರು ಆಕ್ಸಿಲರೇಟರ್ ಪೂರ್ತಿ ತೆರೆದು ಅಳೆದು ಕೈಪಿಡಿಯ ಅಂಕಿಗೆ ಹೋಲಿಸಿ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ), ಏರದಿದ್ದರೆ ವಾಲ್ವ್. ಆಯಿಲ್ ಬಿಟ್ಟರೆ ಮುಂದಿನ ಹಂತದ ಹೊಗೆ ಪರೀಕ್ಷೆ ಸುಳ್ಳಾಗುತ್ತದೆ, ಹಾಗಾಗಿ ಆ ಭಾಗವನ್ನು ಎಲ್ಲ ಮುಗಿದ ಮೇಲೆ ಇಟ್ಟುಕೊಳ್ಳಿ.

## ಹಂತ 6: ತಣ್ಣನೆಯ ಸ್ಟಾರ್ಟ್

ಸ್ಟಾರ್ಟರ್ ಒತ್ತುವ ಮೊದಲು ಬ್ಯಾಟರಿಗೆ ಮಲ್ಟಿಮೀಟರ್ ಹಚ್ಚಿ. ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಕೀ ಆನ್ ಮಾಡಿದಾಗ ಎಂಜಿನ್ ಎಚ್ಚರಿಕೆ ದೀಪ, ಎಬಿಎಸ್ ದೀಪ ಹೊತ್ತಿಕೊಳ್ಳಬೇಕು. ಹೊತ್ತದೇ ಇದ್ದರೆ ಸಂತೋಷಪಡಬೇಡಿ, ದೋಷ ಮರೆಮಾಚಲು ದೀಪವನ್ನೇ ತೆಗೆದಿರಬಹುದು. ಎಂಜಿನ್ ದೀಪ ಸ್ಟಾರ್ಟ್ ಆದ ಮೇಲೆ, ಎಬಿಎಸ್ ದೀಪ ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು.

ಒಬ್ಬರು ಸ್ಟಾರ್ಟ್ ಮಾಡಲಿ, ನೀವು ಸೈಲೆನ್ಸರ್ ಹಿಂದೆ ಪಕ್ಕಕ್ಕೆ ನಿಲ್ಲಿ. ಹೊಗೆಯ ಬಣ್ಣಕ್ಕಿಂತ ಅದು ಬರುವ ಗಳಿಗೆ ಮುಖ್ಯ. ಸ್ಟಾರ್ಟ್ ಆದಾಗ ಒಂದು ಗುಪ್ಪೆ ನೀಲಿ ಹೊಗೆ ಬಂದು ನಿಂತರೆ ರಾತ್ರಿಯೆಲ್ಲ ವಾಲ್ವ್ ಸೀಲ್ ಮೂಲಕ ಆಯಿಲ್ ಇಳಿದಿದೆ. ರೈಸ್ ಮಾಡಿದಷ್ಟೂ ಹೊತ್ತು ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್, ಬೋರ್. ಆಕ್ಸಿಲರೇಟರ್ ಬಿಟ್ಟು ಮತ್ತೆ ತಿರುಗಿಸಿದಾಗ ಮಾತ್ರ ಬಂದರೆ ಮತ್ತೆ ವಾಲ್ವ್ ಕಡೆಯದೇ. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದದ್ದು, ಬಹುಪಾಲು ಟ್ಯೂನಿಂಗ್ ಅಥವಾ ಸೆನ್ಸರ್ ಕೆಲಸ. ಚಳಿಯಲ್ಲಿ ಬಂದು ಕರಗಿಹೋಗುವ ಬಿಳಿ ಆವಿ ಸಹಜ. ಎಂಜಿನ್ ಬಿಸಿಯಾದರೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಉರಿಯುತ್ತಿದೆ. ಟು ಸ್ಟ್ರೋಕ್ ಗಾಡಿಗೆ ಈ ನೀಲಿ ಹೊಗೆಯ ಲೆಕ್ಕ ಅನ್ವಯಿಸದು, ಅದು ಆಯಿಲ್ ಉರಿಸಿಯೇ ಓಡುವುದು.

ಇನ್ನು ಶಬ್ದ. ಹೊಸಬರು ಸೋಲುವುದು ಇಲ್ಲೇ, ಏಕೆಂದರೆ ಟಿಕಟಿಕ ಕೇಳಿ ಹೆದರುತ್ತಾರೆ, ಡಬಡಬ ಕೇಳಿ ಸುಮ್ಮನಾಗುತ್ತಾರೆ. ಹೆಡ್ ಕಡೆಯಿಂದ ಬರುವ ತೆಳು ಟಿಕಟಿಕ ಟ್ಯಾಪೆಟ್, ಸಾಮಾನ್ಯವಾಗಿ ಅಡ್ಜಸ್ಟ್ ಮಾಡಿದರೆ ಮುಗಿಯಿತು. ಎಂಜಿನ್ ಪಕ್ಕದಿಂದ ಗಲಗಲ ಎನ್ನುವುದು ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿ ಹಿಡಿಯುವ ಟೆನ್ಷನರ್. ಎರಡು ಮೂರು ಸೆಕೆಂಡಿಗೆ ನಿಂತರೆ ಅಷ್ಟು ದೊಡ್ಡದಲ್ಲ, ನಿಲ್ಲದಿದ್ದರೆ ಬದಲಾವಣೆ. ತಣ್ಣಗಿದ್ದಾಗ ಟೊಕ್ ಟೊಕ್ ಎಂದು ಬಿಸಿಯಾದ ಮೇಲೆ ಮಾಯವಾಗುವುದು ಪಿಸ್ಟನ್ ಬೋರಿನಲ್ಲಿ ಬಡಿಯುವುದು. ಕೆಳಗಿನಿಂದ ಆಳವಾಗಿ, ರೈಸ್ ಮಾಡಿದಾಗ ಸುತ್ತಿಗೆ ಬಡಿದಂತೆ ಬರುವ ದಡದಡ ಕನೆಕ್ಟಿಂಗ್ ರಾಡಿನ ಬೇರಿಂಗ್. ಅದಕ್ಕೆ ಎಂಜಿನ್ ಪೂರ್ತಿ ಬಿಚ್ಚಲೇಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಇಟ್ಟು ಹಿಡಿಯನ್ನು ಕಿವಿಯ ಹತ್ತಿರದ ಎಲುಬಿಗೆ ತಾಗಿಸಿದರೆ ಶಬ್ದ ಎಲ್ಲಿಂದ ಎಂಬುದು ಖಚಿತವಾಗುತ್ತದೆ. ತಿರುಗುವ ಭಾಗಗಳಿಂದ ಕೂದಲು, ಬಟ್ಟೆ ದೂರ ಇರಲಿ.

ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿದು ಬಿಟ್ಟು ಮಾಡಿ. ಹಿಡಿದಾಗ ನಿಂತು ಬಿಟ್ಟಾಗ ಮರಳುವ ಗರಗರ ಕ್ಲಚ್ ಹೌಸಿಂಗ್ ಅಥವಾ ಗೇರ್ ಬಾಕ್ಸ್ ಬೇರಿಂಗಿನದು.

ಎಂಜಿನ್ ಓಡುತ್ತಿರುವಾಗ 4,000 ಆರ್‌ಪಿಎಂ ಹತ್ತಿರ ಬ್ಯಾಟರಿ ವೋಲ್ಟೇಜ್ ಮತ್ತೆ ನೋಡಿ. 13.5ರಿಂದ 14.8ರ ನಡುವೆ ಇರಬೇಕು. ಏರದಿದ್ದರೆ ಮ್ಯಾಗ್ನೆಟ್ ಕಾಯಿಲ್ ಅಥವಾ ರೆಗ್ಯುಲೇಟರ್, 15 ದಾಟಿದರೆ ರೆಗ್ಯುಲೇಟರ್ ಹೋಗಿ ಬ್ಯಾಟರಿ ಬೇಯುತ್ತಿದೆ. ಲೈಟು, ಹಾರ್ನ್, ಇಂಡಿಕೇಟರ್, ಎರಡೂ ಬ್ರೇಕಿಗೆ ಹಿಂದಿನ ದೀಪ ನೋಡಿ ಮುಂದೆ ಸಾಗಿ. ಹೆಡ್‌ಲೈಟ್ ಒಳಗೆ ಕೆಸರಿನ ಗೆರೆ, ಫ್ಯೂಸ್ ಡಬ್ಬಿಯಲ್ಲಿ ಹಸಿರು ಕಿಲುಬು ಕಂಡರೆ ಮಾತ್ರ ನಿಲ್ಲಿ: ಅದು ನೀರಿನಲ್ಲಿ ಮುಳುಗಿದ ಗಾಡಿ.

## ಹಂತ 7: ಓಡಿಸಿ ನೋಡುವುದು

ಹೆಲ್ಮೆಟ್ ಹಾಕಿ, ಮೊದಲ ನೂರು ಮೀಟರಿನಲ್ಲೇ ಎರಡೂ ಬ್ರೇಕ್ ಪರೀಕ್ಷಿಸಿ. ಕನಿಷ್ಠ ಹದಿನೈದು ನಿಮಿಷ ಓಡಿಸಬೇಕು, ಅದಕ್ಕಿಂತ ಮೊದಲು ಎಂಜಿನ್ ಸರಿಯಾಗಿ ಬಿಸಿಯಾಗದು.

1. ಕ್ಲಚ್: ಟಾಪ್ ಗೇರಿನಲ್ಲಿ 40–50 ಕಿ.ಮೀ. ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ. ಎಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಕೇಬಲ್ ಬಿಗಿಯಾಗಿದ್ದರೂ ಹೀಗಾಗುತ್ತದೆ, ಲಿವರಿನಲ್ಲಿ ತುಸು ಸಡಿಲ ಇದೆಯೇ ನೋಡಿ.

2. ಗೇರ್: ಪ್ರತಿ ಗೇರಿನಲ್ಲೂ ಒಮ್ಮೆ ಜೋರಾಗಿ ಎಳೆಸಿ, ಒಮ್ಮೆ ಆಕ್ಸಿಲರೇಟರ್ ಥಟ್ಟನೆ ಬಿಡಿ. ಗೇರ್ ಹಾರಿ ನ್ಯೂಟ್ರಲ್ ಆದರೆ ಒಳಗಿನ ಗೇರಿನ ಕಚ್ಚುಗಳು ದುಂಡಗಾಗಿವೆ ಅಥವಾ ಗೇರ್ ಸರಿಸುವ ಒಳಗಿನ ಫೋರ್ಕ್ ಬಾಗಿದೆ. ಮೆತ್ತಗೆ ಓಡಿಸಿದರೆ ಈ ದೋಷ ಎಂದೂ ಗೊತ್ತಾಗುವುದಿಲ್ಲ.

3. ಹ್ಯಾಂಡಲ್: ನೇರ, ಖಾಲಿ ರಸ್ತೆಯಲ್ಲಿ ಹಿಡಿತ ಹಗುರ ಮಾಡಿ, ಕೈ ಮಾತ್ರ ಬಿಡಬೇಡಿ. ಒಂದೇ ಪಕ್ಕಕ್ಕೆ ಎಳೆದರೆ ಸಾಲು ತಪ್ಪಿದೆ. ವೇಗ ಇಳಿಯುವಾಗ ಹ್ಯಾಂಡಲ್ ಗಡಗಡ ನಡುಗಿದರೆ ಕೋನ್ ಸೆಟ್ ಅಥವಾ ಮುಂದಿನ ಟೈರ್.

4. ಬ್ರೇಕ್: ಲಿವರ್ ಬೆರಳಿಗೆ ಮಿಡಿದಂತೆ ಬಂದರೆ ಡಿಸ್ಕ್ ಓರೆಯಾಗಿದೆ.

ಮೀಟರ್ ಓಡುತ್ತಿದೆಯೇ ಎಂಬುದನ್ನೂ ಗಮನಿಸಿ. ತೋರಿಸುವ ಕಿಲೋಮೀಟರಿಗೂ ಫುಟ್‌ರೆಸ್ಟ್ ರಬ್ಬರ್, ಬ್ರೇಕ್ ಪೆಡಲ್, ಗ್ರಿಪ್, ಕೀಯ ಸವೆತಕ್ಕೂ ತಾಳೆ ಆಗದಿದ್ದರೆ ನಂಬಬೇಕಾದದ್ದು ಸವೆತವನ್ನು.

## ಹಂತ 8: ಬಿಸಿ ಗಾಡಿಯನ್ನು ಮತ್ತೆ ನೋಡುವುದು

ಬಂದವರು ಇಳಿದು ಚೌಕಾಶಿಗೆ ನಿಲ್ಲುತ್ತಾರೆ, ಈ ಹಂತ ಹಾಗೇ ಬಿಟ್ಟುಹೋಗುತ್ತದೆ. ಎಂಜಿನ್ ಕೆಳಗೆ ರಟ್ಟು ಹಾಸಿ ಐದು ನಿಮಿಷ ಐಡ್ಲಿಂಗ್ ಬಿಡಿ. ತಣ್ಣಗಿದ್ದಾಗ ಒಣಗಿದ್ದ ಜಾಗಗಳು ಈಗ ಆಯಿಲ್ ತೆಳುವಾಗಿರುವುದರಿಂದ ಜಿನುಗುತ್ತವೆ. ಐಡ್ಲಿಂಗ್ ಏರಿಳಿಯದೆ ಇರಬೇಕು, ರೇಡಿಯೇಟರ್ ಇದ್ದರೆ ಫ್ಯಾನ್ ಒಮ್ಮೆ ಓಡಿ ನಿಲ್ಲಬೇಕು. ಬ್ರೀದರ್ ಪೈಪಿನ ತುದಿ ಕಳಚಿ ನೋಡಿ, ತುಸು ಆವಿ ಸರಿ, ಹೊಗೆ ಗುಪ್ಪೆಗುಪ್ಪೆಯಾಗಿ ಬಂದರೆ ರಿಂಗ್. ಆಮೇಲೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಮಾತ್ರ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಯಲ್ಲಿ ಟ್ಯಾಪೆಟ್ ಅತಿ ಬಿಗಿಯಾಗಿರಬಹುದು, ಅಥವಾ ಇಗ್ನಿಷನ್ ಕಾಯಿಲ್, ಪಿಕಪ್ ಕಾಯಿಲ್ ಬಿಸಿಗೆ ಕೈಕೊಡುತ್ತಿರಬಹುದು.

## ಹಂತ 9: ಯಾವುದಕ್ಕೆ ಬೆಲೆ ಇಳಿಸಬೇಕು, ಯಾವುದಕ್ಕೆ ಎದ್ದು ಬರಬೇಕು

ಟೈರ್, ಚೈನ್ ಸೆಟ್, ಬ್ಯಾಟರಿ, ಬ್ರೇಕ್ ಪ್ಯಾಡ್, ಕೋನ್ ಸೆಟ್, ಫೋರ್ಕ್ ಸೀಲ್, ಚಕ್ರದ ಬೇರಿಂಗ್, ಕ್ಲಚ್ ಪ್ಲೇಟ್ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಒಂದೊಂದರ ಖರ್ಚು ಬರೆದು ಕೂಡಿ, ಅಷ್ಟನ್ನು ಬೆಲೆಯಲ್ಲಿ ಕಳೆಯಲು ಕೇಳಿ. ವಾಲ್ವ್ ಸೀಲ್, ಟೈಮಿಂಗ್ ಚೈನ್ ನಡುವಿನವು, ಗಾಡಿ ಉಳಿದೆಲ್ಲ ರೀತಿಯಲ್ಲಿ ಗಟ್ಟಿ ಇದ್ದರೆ ಮಾತ್ರ ಯೋಚಿಸಿ. ಫ್ರೇಮ್ ಬಿರುಕು ಅಥವಾ ಬಾಗು, ತಿದ್ದಿದ ನಂಬರ್, ಕನೆಕ್ಟಿಂಗ್ ರಾಡಿನ ದಡದಡ, ಹಾರುವ ಗೇರ್, ಕೂಲಂಟ್ ಬೆರೆತ ಆಯಿಲ್, ಮುಳುಗಿದ ಗುರುತು: ಇವುಗಳಲ್ಲಿ ಒಂದಿದ್ದರೂ ಬೆಲೆ ಮಾತಾಡಲೇಬೇಡಿ.

ಎಲ್ಲ ಸರಿಯೆನಿಸಿ ಕೊಳ್ಳುವ ಮನಸ್ಸಾದರೆ, ದುಡ್ಡು ಕೊಡುವ ಮೊದಲು ನನ್ನ ಖರ್ಚಿನಲ್ಲೇ ಆಯಿಲ್ ಬದಲಾಯಿಸುತ್ತೇನೆ ಎಂದು ಕೇಳಿ ನೋಡಿ. ಎಂಜಿನ್ ಈಗ ಬಿಸಿಯೇ ಇದೆ, ಆಯಿಲ್ ಪೂರ್ತಿ ಇಳಿಯುತ್ತದೆ. ಅದನ್ನು ಬಿಳಿ ಬಟ್ಟೆಯ ಮೂಲಕ ಸೋಸಿ, ಡ್ರೈನ್ ನಟ್ಟಿಗೆ ಆಯಸ್ಕಾಂತ ಇದ್ದರೆ ಅದನ್ನೂ ಒರೆಸಿ. ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇರುವುದು ಮಾಮೂಲು. ಬಟ್ಟೆಯಲ್ಲಿ ಉಗುರಿಗೆ ಸಿಗುವ ಚೂರು, ಹಿತ್ತಾಳೆ ಬಣ್ಣದ ಮಿನುಗು ಅಥವಾ ಗೇರಿನ ಹಲ್ಲಿನ ತುಣುಕು ಸಿಕ್ಕರೆ ಹೊಸ ಆಯಿಲಿನ ದುಡ್ಡು ಮಾತ್ರ ಕೊಟ್ಟು ಮನೆಗೆ ಬನ್ನಿ.